ಗಾಳಿ ಹೋದ ಮೇಲಿನ ಎಂಬತ್ತು ಕಿಲೋಮೀಟರ್

ಶ್ರಾವಣದ ಶನಿವಾರ ಹಾವೇರಿ ಜಿಲ್ಲೆಯ ಕದರಮಂಡಲಗಿ ಕಾಂತೇಶನ ಗುಡಿಯ ಸುತ್ತ ನಿಲ್ಲುವ ಕಾರುಗಳ ನಂಬರ್ ಪ್ಲೇಟ್ ನೋಡುತ್ತ ಹೋದರೆ ಅರ್ಧ ಕರ್ನಾಟಕ ಕಣ್ಣಿಗೆ ಬೀಳುತ್ತದೆ. ಇಲ್ಲಿಯ ಕಾಂತೇಶ, ಹಿರೇಕೆರೂರು ತಾಲ್ಲೂಕು ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯರ ದರ್ಶನವನ್ನು ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂಬುದು ಈ ಭಾಗದ ಬಹುಕಾಲದ ನಂಬಿಕೆ. ಹಾಗೆಂದೇ ಬಂದವರು ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಾರಿನ ತುಂಬ ಮನೆಮಂದಿ, ಡಿಕ್ಕಿಯ ತುಂಬ ಸಾಮಾನು. ಹೆದ್ದಾರಿ, ತಾಲ್ಲೂಕು ರಸ್ತೆ, ಹಳ್ಳಿಯೊಳಗಿನ ಉಬ್ಬುತಗ್ಗು ಎಲ್ಲವನ್ನೂ ದಾಟಿ ಎರಡು ಜಿಲ್ಲೆ ಸುತ್ತಬೇಕು.

ಆ ನಡುವೆ ಒಂದು ಚಕ್ರದ ಗಾಳಿ ಹೋದರೆ ಏನು ಮಾಡುತ್ತೀರಿ? ಹತ್ತು ವರ್ಷದ ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ಡಿಕ್ಕಿ ತೆರೆದು, ಜಾಕ್ ಹಾಕಿ, ಪಾನಾ ಹಿಡಿದು ಸ್ಟೆಪ್ನಿ ಏರಿಸುವುದು ಕಾರು ಓಡಿಸುವ ಪ್ರತಿಯೊಬ್ಬರೂ ಕಲಿತಿದ್ದ ಕೆಲಸ. ಈಗ ಹೊಸ ಕಾರುಗಳಲ್ಲಿ ಎಷ್ಟೋ ಮಾದರಿಗಳ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲ. ಕೆಲವದರಲ್ಲಿ ಅದರ ಬದಲು ಗಾಳಿ ಹೋದರೂ ಒಂದಿಷ್ಟು ದೂರ ಓಡಬಲ್ಲ ರನ್‌ಫ್ಲಾಟ್ ಟೈರ್, ಇನ್ನು ಕೆಲವದರಲ್ಲಿ ಒಂದು ಪುಟ್ಟ ಗಾಳಿಯಂತ್ರ ಮತ್ತು ರಂಧ್ರ ಮುಚ್ಚುವ ದ್ರಾವಣದ ಬಾಟಲಿ. ಮೆಣಸಿನಕಾಯಿ ವ್ಯಾಪಾರ, ಬೀಜದ ವ್ಯಾಪಾರ ಚೆನ್ನಾಗಿ ನಡೆಯುವ ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ದೊಡ್ಡ ಕಾರು ಕೊಳ್ಳುವವರಿಗೆ ಕೊರತೆಯಿಲ್ಲ. ಬೆಂಗಳೂರಿನಿಂದ ಅರ್ಧ ಬೆಲೆಗೆ ಹಳೆಯ ಐಷಾರಾಮಿ ಕಾರು ತರುವವರೂ ಇದ್ದಾರೆ. ಹಾಗೆ ತಂದವರಿಗೆ ಮೊದಲ ಸಲ ಟೈರ್ ಬದಲಿಸುವ ದಿನ ಬಂದಾಗ ಈ ಪ್ರಶ್ನೆ ಎದುರಾಗುತ್ತದೆ: ಮತ್ತೆ ರನ್‌ಫ್ಲಾಟೇ ಹಾಕಿಸಬೇಕೋ, ಸಾಮಾನ್ಯ ಟೈರ್ ಸಾಕೋ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯಲ್ಲಿ ವಾಸಿಸಿ ಈ ಸೀಮೆಯ ರಸ್ತೆಗಳಲ್ಲೇ ಹೆಚ್ಚು ಓಡಾಡುವವರಿಗೆ ಒಳ್ಳೆಯ ಗುಣಮಟ್ಟದ ಸಾಮಾನ್ಯ ಟ್ಯೂಬ್‌ಲೆಸ್ ಟೈರ್, ಜೊತೆಗೊಂದು ಸ್ಟೆಪ್ನಿ, ಗಾಳಿಯ ಒತ್ತಡ ತೋರಿಸುವ ಉಪಕರಣ, ಇಷ್ಟೇ ಸರಿಯಾದ ಆಯ್ಕೆ. ಆದರೆ ರನ್‌ಫ್ಲಾಟ್ ಪರವಾಗಿ ಒಂದು ಬಲವಾದ ಮಾತಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಎರಡನ್ನೂ ತೂಗಿ ನೋಡಬೇಕು.

ಒಳಗೆ ಏನಿದೆ?

ಸಾಮಾನ್ಯ ಟೈರಿನಲ್ಲಿ ಕಾರಿನ ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಟೈರಿನ ಪಕ್ಕದ ಗೋಡೆ ತೆಳುವಾಗಿ, ಬಾಗುವಂತೆ ಇರುತ್ತದೆ. ಹಾಗೆ ಬಾಗುವುದರಿಂದಲೇ ಸವಾರಿ ಮೆತ್ತಗಿರುತ್ತದೆ. ಗಾಳಿ ಪೂರ್ತಿ ಹೋದರೆ ಆ ಗೋಡೆ ಮಡಚಿಕೊಂಡು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಹಾಗೆಯೇ ಒಂದಿಷ್ಟು ದೂರ ಓಡಿಸಿದರೆ ಬಿಸಿಗೆ ಒಳಗಿನ ದಾರಗಳು ಕಿತ್ತು ಟೈರ್ ಕೆಡುತ್ತದೆ, ಕೆಲವೊಮ್ಮೆ ರಿಮ್ ಬಿಟ್ಟು ಹೊರಗೇ ಬರುತ್ತದೆ.

ರನ್‌ಫ್ಲಾಟ್ ಟೈರಿನಲ್ಲಿ ಆ ಪಕ್ಕದ ಗೋಡೆಯೊಳಗೆ ಶಾಖ ತಡೆಯುವ ಗಟ್ಟಿ ರಬ್ಬರಿನ ದಪ್ಪ ಪದರವೊಂದನ್ನು ಕೂರಿಸಿರುತ್ತಾರೆ. ಗಾಳಿ ಇಲ್ಲದಿದ್ದರೂ ಗೋಡೆ ಮಡಚುವುದಿಲ್ಲ. ಕಾರಿನ ಭಾರವನ್ನು ತಾನೇ ಹೊತ್ತು ನಿಲ್ಲುತ್ತದೆ. ಅಂಚು ರಿಮ್ಮಿನಿಂದ ಜಾರುವುದಿಲ್ಲ. ಆದರೆ ಗಾಳಿಯಿಲ್ಲದೆ ಉರುಳುವಾಗ ಆ ರಬ್ಬರ್ ಪ್ರತಿ ಸುತ್ತಿಗೂ ಹಿಸುಕಿಸಿಕೊಂಡು ಬಿಸಿಯಾಗುತ್ತ ಹೋಗುತ್ತದೆ. ಹೀಗಾಗಿಯೇ ಅದಕ್ಕೊಂದು ಗಡಿ ಇದೆ: ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ, ಸುಮಾರು 80 ಕಿ.ಮೀ. ದೂರ. ಮುರಿದ ಕಾಲಿಗೆ ಊರುಗೋಲು ಕೊಟ್ಟಂತೆ ಇದು. ಆಸ್ಪತ್ರೆ ತನಕ ನಡೆಯಬಹುದು, ಜಾತ್ರೆ ಸುತ್ತಲಾಗದು.

ಈ ಯೋಚನೆ ಹೊಸದಲ್ಲ. 1970ರ ದಶಕದಲ್ಲೇ ಬ್ರಿಟನ್ನಿನ ಡನ್‌ಲಪ್ ಕಂಪನಿ ಡೆನೋವೊ ಎಂಬ ಹೆಸರಿನಲ್ಲಿ ಇಂಥ ಟೈರ್ ಮಾರಿತ್ತು. ಅಮೆರಿಕದ ಕಾರ್ವೆಟ್ ಕಾರು 1997ರ ಮಾದರಿಯಲ್ಲಿ ಗುಡ್‌ಇಯರ್ ಕಂಪನಿಯ ರನ್‌ಫ್ಲಾಟ್ ನಂಬಿ ಸ್ಟೆಪ್ನಿಯನ್ನೇ ಕೈಬಿಟ್ಟಿತು. ಆಮೇಲೆ ಈ ಟೈರನ್ನು ಅತಿ ಹೆಚ್ಚು ಬಳಸಿದ್ದು ಬಿಎಂಡಬ್ಲ್ಯು ಮತ್ತು ಅದರದೇ ಮಿನಿ ಕಾರುಗಳು. ನಮ್ಮ ದೇಶದಲ್ಲಿ ಬಹುತೇಕರು ರನ್‌ಫ್ಲಾಟ್ ಎಂಬ ಹೆಸರು ಕೇಳಿದ್ದೂ ಆ ಕಾರುಗಳ ಮೂಲಕವೇ.

ನಿಮ್ಮ ಕಾರಿನಲ್ಲಿ ಇರುವುದು ಯಾವುದು ಎಂದು ತಿಳಿಯಲು ಟೈರಿನ ಪಕ್ಕದಲ್ಲಿ ಅಚ್ಚಾದ ಅಕ್ಷರ ನೋಡಿ. ಬ್ರಿಜ್‌ಸ್ಟೋನ್ ಟೈರಿನಲ್ಲಿ ಆರ್‌ಎಫ್‌ಟಿ, ಮಿಶೆಲಿನ್‌ನಲ್ಲಿ ಝಡ್‌ಪಿ, ಕಾಂಟಿನೆಂಟಲ್‌ನಲ್ಲಿ ಎಸ್‌ಎಸ್‌ಆರ್, ಗುಡ್‌ಇಯರ್‌ನಲ್ಲಿ ಆರ್‌ಒಎಫ್ ಎಂದು ಬರೆದಿದ್ದರೆ ಅದು ರನ್‌ಫ್ಲಾಟ್. ಹಳೆಯ ಕಾರು ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ನಾಲ್ಕೂ ಚಕ್ರಗಳ ಈ ಅಕ್ಷರಗಳನ್ನು ಓದಿಕೊಳ್ಳಬೇಕು. ಮುಂದಿನ ದೊಡ್ಡ ಖರ್ಚು ಎಷ್ಟು ಎಂಬುದು ಅಲ್ಲಿಯೇ ಬರೆದಿರುತ್ತದೆ.

ನಮ್ಮ ನಕ್ಷೆಯ ಮೇಲೆ ಎಂಬತ್ತು ಕಿಲೋಮೀಟರ್

ಜರ್ಮನಿಯ ಹೆದ್ದಾರಿಯಲ್ಲಿ 80 ಕಿ.ಮೀ. ಒಳಗೆ ಬೇಕಾದ ಅಳತೆಯ ಟೈರ್ ಇಟ್ಟಿರುವ, ಅದನ್ನು ಕಳಚಿ ಕೂರಿಸಬಲ್ಲ ಅಂಗಡಿ ಸಾಮಾನ್ಯವಾಗಿ ಸಿಗುತ್ತದೆ. ಈ ಟೈರಿನ ಭರವಸೆ ನಿಂತಿರುವುದು ಅಂಥ ಅಂಗಡಿಗಳ ಮೇಲೆ. ಅದೇ ಲೆಕ್ಕವನ್ನು ನಮ್ಮ ನೆಲಕ್ಕೆ ಹಾಕಿ ನೋಡೋಣ.

ಕದರಮಂಡಲಗಿಗೆ ಹತ್ತಿರದ ಪಟ್ಟಣಗಳು ಬ್ಯಾಡಗಿ ಮತ್ತು ರಾಣೆಬೆನ್ನೂರು. ರಾಣೆಬೆನ್ನೂರಿನಿಂದ ದಾವಣಗೆರೆಗೆ ಸುಮಾರು 40 ಕಿ.ಮೀ. ಹುಬ್ಬಳ್ಳಿಗೆ 100 ಕಿ.ಮೀ.ಗೂ ಹೆಚ್ಚು. ಬೆಂಗಳೂರಿಗೆ ಸುಮಾರು 300 ಕಿ.ಮೀ. ಅಂದರೆ ಕಾಂತೇಶನ ಗುಡಿಯ ಮುಂದೆ ಗಾಳಿ ಹೋದ ರನ್‌ಫ್ಲಾಟ್ ನಿಮ್ಮನ್ನು ಹುಬ್ಬಳ್ಳಿಗೆ ಮುಟ್ಟಿಸುವುದಿಲ್ಲ. ದಾವಣಗೆರೆಗೆ ಮುಟ್ಟಿಸೀತು. ಆದರೆ ಅಲ್ಲಿಯ ಅಂಗಡಿಯಲ್ಲಿ ನಿಮ್ಮ ಅಳತೆಯ ರನ್‌ಫ್ಲಾಟ್ ಅಂದೇ ಸಿಗುವ ಖಾತರಿ ಯಾರೂ ಕೊಡಲಾರರು. ಕಡಿಮೆ ಮಾರಾಟವಾಗುವ, ದುಬಾರಿ ಸರಕನ್ನು ಅಂಗಡಿಯವರು ದಾಸ್ತಾನು ಇಡುವುದಿಲ್ಲ, ಬೇಡಿಕೆ ಬಂದ ಮೇಲೆ ತರಿಸುತ್ತಾರೆ. ಎಂಬತ್ತು ಕಿ.ಮೀ. ಓಡಿಸಿದ ಮೇಲೂ ಕಾರು ಎರಡು ದಿನ ನಿಲ್ಲಬೇಕಾದರೆ ಆ ಓಟದ ಲಾಭ ಅಷ್ಟಕ್ಕಷ್ಟೇ.

ಇನ್ನೊಂದು ವಿಷಯ. ಆ 80 ಎಂಬುದು ಎಲ್ಲ ಸಂದರ್ಭಕ್ಕೂ ಕೊಟ್ಟ ಮಾತಲ್ಲ. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಸಾಮಾನು, ಏಪ್ರಿಲ್ ತಿಂಗಳ ಕಾದ ಡಾಂಬರು, ಮೇಲಿಂದ ಮೇಲೆ ಬರುವ ಉಬ್ಬುಗಳು, ಇವೆಲ್ಲ ಸೇರಿದರೆ ಆ ದೂರ ಕಡಿಮೆಯಾಗುತ್ತದೆ. ಮೂರು ದೇವರ ಯಾತ್ರೆಯ ಕಾರು ಇವುಗಳಲ್ಲಿ ಹೆಚ್ಚಿನವನ್ನು ಒಟ್ಟಿಗೆ ಎದುರಿಸಿಯೇ ಹೋಗುತ್ತದೆ.

ಇಲ್ಲಿ ಟೈರ್ ಕೆಡುವುದು ಹೇಗೆ?

ಯಾವ ಟೈರ್ ಒಳ್ಳೆಯದು ಎಂಬ ಮಾತಿಗೆ ಮೊದಲು ನಮ್ಮ ರಸ್ತೆಗಳಲ್ಲಿ ಟೈರಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಹಾವೇರಿ ಜಿಲ್ಲೆಯ ಒಳರಸ್ತೆಗಳಲ್ಲಿ ಎತ್ತಿನ ಬಂಡಿ ಇನ್ನೂ ಓಡಾಡುತ್ತದೆ. ಸವೆದು ಉದುರಿದ ಲಾಳದ ಮೊಳೆ ರಸ್ತೆಯಲ್ಲೇ ಬಿದ್ದಿರುತ್ತದೆ. ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದ ಬೋಲ್ಟು, ತಂತಿಯ ಚೂರು, ಬೇಲಿಯಿಂದ ರಸ್ತೆಗೆ ಚಾಚಿದ ಬಳ್ಳಾರಿ ಜಾಲಿಯ ಮುಳ್ಳು ಬೇರೆ. ಸುಗ್ಗಿಯ ಕಾಲಕ್ಕೆ ಗೋವಿನಜೋಳ ಒಣಗಲು ರಸ್ತೆಯ ಅರ್ಧ ಭಾಗ ಹೋಗುತ್ತದೆ. ಅದರ ಕಾವಲಿಗೆಂದು ಇಟ್ಟ ಕಲ್ಲುಗಳು ಕಾಳು ಎತ್ತಿಕೊಂಡು ಹೋದ ಮೇಲೂ ಅಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಿ ಎರೆಮಣ್ಣಿನ ನೆಲ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಅದರ ಮೇಲಿನ ಡಾಂಬರಿನ ಅಂಚು ಕಿತ್ತು ಗುಂಡಿಯಾಗುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳು ಸಾಲುಗಟ್ಟುವ ಜನವರಿಯಿಂದಾಚೆಗಿನ ತಿಂಗಳುಗಳಲ್ಲಿ ಆ ಗುಂಡಿಗಳು ಇನ್ನಷ್ಟು ಆಳವಾಗುತ್ತವೆ.

ಇವುಗಳಲ್ಲಿ ಎರಡು ಬಗೆ ಇದೆ. ಮೊಳೆ, ಮುಳ್ಳು ಚುಚ್ಚುವುದು ಟೈರಿನ ತಳಕ್ಕೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಹೊಕ್ಕರೂ ಅದರ ಸುತ್ತ ರಬ್ಬರ್ ಬಿಗಿಯಾಗಿ ಹಿಡಿದುಕೊಂಡು ಗಾಳಿ ನಿಧಾನವಾಗಿ ಸೋರುತ್ತದೆ. ಎಷ್ಟೋ ಸಲ ಬೆಳಗ್ಗೆ ಎದ್ದು ನೋಡಿದಾಗಷ್ಟೇ ಗೊತ್ತಾಗುತ್ತದೆ. ಇದಕ್ಕೆ ಹತ್ತು ನಿಮಿಷದ ಪಂಚರ್ ಕೆಲಸ ಸಾಕು. ಇದಕ್ಕೋಸ್ಕರ ರನ್‌ಫ್ಲಾಟ್ ಬೇಕಾಗಿಲ್ಲ.

ಎರಡನೆಯದು ಹೊಡೆತ: ಗುಂಡಿಯ ಅಂಚು, ಕಲ್ಲು, ಬಣ್ಣ ಬಳಿಯದ ಉಬ್ಬು. ಇಲ್ಲಿ ರನ್‌ಫ್ಲಾಟ್‌ಗೆ ಗಟ್ಟಿ ಗೋಡೆ ಇದೆಯಲ್ಲ, ಹಾಗಾದರೆ ಅದೇ ಗಟ್ಟಿ ಎಂದು ಜನ ಭಾವಿಸುತ್ತಾರೆ. ಹಾಗಲ್ಲ. ಗಟ್ಟಿ ಗೋಡೆ ಬಾಗದ ಕಾರಣ ಹೊಡೆತದ ಹೆಚ್ಚಿನ ಪಾಲು ರಿಮ್ಮಿಗೂ ಸಸ್ಪೆನ್ಶನ್‌ಗೂ ನೇರವಾಗಿ ಹೋಗುತ್ತದೆ. ರನ್‌ಫ್ಲಾಟ್ ಬರುವ ಕಾರುಗಳ ಟೈರುಗಳು ಸಾಮಾನ್ಯವಾಗಿ ಗಿಡ್ಡ ಗೋಡೆಯವು, ರಿಮ್ ದೊಡ್ಡದು. ಗುಂಡಿಗೆ ಇಳಿದಾಗ ಅಲಾಯ್ ರಿಮ್ ಸೊಟ್ಟಗಾಗುವುದು, ಬಿರುಕು ಬಿಡುವುದು, ಟೈರಿನ ಪಕ್ಕದಲ್ಲಿ ಗುಳ್ಳೆ ಏಳುವುದು ಎಲ್ಲವೂ ಆಗುತ್ತದೆ. ಗುಳ್ಳೆ ಎದ್ದ ಟೈರಿನೊಳಗೆ ದಾರಗಳು ತುಂಡಾಗಿರುತ್ತವೆ. ರನ್‌ಫ್ಲಾಟ್ ಆಗಲಿ, ಸಾಮಾನ್ಯದ್ದಾಗಲಿ, ಅದನ್ನು ತೆಗೆದುಹಾಕುವುದೊಂದೇ ದಾರಿ.

ಸವಾರಿಯ ಸುಖದ ಮಾತು ಇದರ ಜೊತೆಗೇ ಬರುತ್ತದೆ. ರನ್‌ಫ್ಲಾಟ್ ತೂಕ ಹೆಚ್ಚು, ಗೋಡೆ ಬಿರುಸು. ರಸ್ತೆಯ ಸಣ್ಣ ಒರಟೂ ಬೆನ್ನಿಗೆ ತಟ್ಟುತ್ತದೆ. ಹೊಸ ಪೀಳಿಗೆಯ ರನ್‌ಫ್ಲಾಟ್‌ಗಳು ಹಳೆಯವಕ್ಕಿಂತ ಮೆತ್ತಗಾಗಿವೆ, ನಿಜ. ಆದರೂ ಅದೇ ಕಾರಿಗೆ ಸಾಮಾನ್ಯ ಟೈರ್ ಹಾಕಿಸಿದವರಿಗೆ ಹಳ್ಳಿ ರಸ್ತೆಯಲ್ಲಿ ಮೊದಲ ದಿನವೇ ವ್ಯತ್ಯಾಸ ತಿಳಿಯುತ್ತದೆ.

ರಿಪೇರಿ ಮಾಡುವವರು ಯಾರು?

ನಮ್ಮ ಹಳ್ಳಿಗಾಡಿನ ದೊಡ್ಡ ಬಲ ಎಂದರೆ ಪಂಚರ್ ಅಂಗಡಿ. ಮೋಟೆಬೆನ್ನೂರು ಇರಲಿ, ಕಾಗಿನೆಲೆ ಇರಲಿ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಹಳೆಯ ಟೈರೊಂದನ್ನು ನಿಲ್ಲಿಸಿ, ಏರ್ ಕಂಪ್ರೆಸರ್ ಇಟ್ಟುಕೊಂಡ ಒಬ್ಬರು ಸಿಗುತ್ತಾರೆ. ಟ್ಯೂಬ್‌ಲೆಸ್ ಪಂಚರನ್ನು ನೂರು-ಇನ್ನೂರು ರೂಪಾಯಿಯೊಳಗೆ ಮುಗಿಸಿ ಕಳುಹಿಸುತ್ತಾರೆ. ಈ ಸೌಲಭ್ಯ ಅಮೆರಿಕ, ಯುರೋಪಿನ ಹೆದ್ದಾರಿಗಳಲ್ಲಿ ಇಲ್ಲ. ರನ್‌ಫ್ಲಾಟ್ ಹುಟ್ಟಿದ್ದು ಅಂಥ ದೇಶಗಳಲ್ಲೇ.

ರನ್‌ಫ್ಲಾಟ್ ಬಂದರೆ ಈ ಅಂಗಡಿಯವರ ಕೈ ಕಟ್ಟಿಹೋಗುತ್ತದೆ. ಆ ಬಿರುಸು ಗೋಡೆಯನ್ನು ಸಾಮಾನ್ಯ ಸಲಾಕೆಯಿಂದ ರಿಮ್ಮಿನಿಂದ ಬಿಡಿಸಲಾಗದು. ನೆರವಿನ ತೋಳುಗಳಿರುವ ದೊಡ್ಡ ಯಂತ್ರ ಬೇಕು. ಬಲವಂತ ಮಾಡಿದರೆ ಅಂಚು ಹರಿಯುತ್ತದೆ, ರಿಮ್ಮಿನೊಳಗಿನ ಒತ್ತಡದ ಸೆನ್ಸರ್ ಮುರಿಯುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಗಾಳಿಯಿಲ್ಲದೆ ಓಡಿದ ರನ್‌ಫ್ಲಾಟನ್ನು ರಿಪೇರಿ ಮಾಡಿ ಮತ್ತೆ ಬಳಸಬೇಡಿ ಎಂದೇ ಬಹುತೇಕ ತಯಾರಕರು ಹೇಳುತ್ತಾರೆ. ಒಳಗಿನ ಪದರ ಬಿಸಿಗೆ ಎಷ್ಟು ಸೋತಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಒಂದು ಲಾಳದ ಮೊಳೆ ಇಡೀ ಟೈರಿನ ಬೆಲೆ ಕೇಳುತ್ತದೆ. ಅದೇ ಅಳತೆಯ ಸಾಮಾನ್ಯ ಟೈರಿಗಿಂತ ರನ್‌ಫ್ಲಾಟ್ ದುಬಾರಿ. ಜೋಡಿಯ ಇನ್ನೊಂದು ಟೈರ್ ಹೆಚ್ಚು ಸವೆದಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ.

ರನ್‌ಫ್ಲಾಟ್ ಪರವಾದ ನಿಜವಾದ ಮಾತು

ಇಷ್ಟೆಲ್ಲ ಹೇಳಿದ ಮೇಲೂ ರನ್‌ಫ್ಲಾಟನ್ನು ಬೇಡದ ಆಡಂಬರ ಎಂದು ನಾನು ಹೇಳಲಾರೆ. ಅದಕ್ಕೆ ಕಾರಣ ರಾಷ್ಟ್ರೀಯ ಹೆದ್ದಾರಿ 48.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ ಹೆದ್ದಾರಿಯಲ್ಲಿ, ನಿಂತಿದ್ದ ಲಾರಿಗೆ ಟಿಟಿ (ಟೆಂಪೋ ಟ್ರಾವೆಲರ್) ವಾಹನವೊಂದು ಹಿಂದಿನಿಂದ ಗುದ್ದಿ ಹದಿಮೂರು ಜನ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರು ಅವರು. ಈ ಹೆದ್ದಾರಿಯಲ್ಲಿ ನಸುಕಿನ ಹೊತ್ತು ನಿಂತ ವಾಹನ ಎಂದರೆ ಏನು ಎಂಬುದನ್ನು ಈ ಭಾಗದವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಲಾರಿಗಳು ನುಗ್ಗಿ ಬರುವ ಕಡೆ ಹೆದ್ದಾರಿಯ ಅಂಚಿನಲ್ಲಿ ಜಾಕ್ ಹಾಕಿ ಕೂರುವುದು ಜೀವಕ್ಕೆ ಅಪಾಯ. ಅಲ್ಲಿ ನಿಲ್ಲದೆ ಮುಂದಿನ ಪೆಟ್ರೋಲ್ ಬಂಕಿಗೆ, ಟೋಲ್ ನಾಕಾಕ್ಕೆ, ಬೆಳಕಿರುವ ಊರಿಗೆ ಹೋಗಿ ಮುಟ್ಟುವುದೇ ರನ್‌ಫ್ಲಾಟ್ ಕೊಡುವ ದೊಡ್ಡ ವರ. ಇನ್ನೊಂದು ವರವೂ ಇದೆ. ವೇಗದಲ್ಲಿ ಮುಂದಿನ ಟೈರಿನ ಗಾಳಿ ಒಮ್ಮೆಲೇ ಹೋದಾಗ ಸಾಮಾನ್ಯ ಟೈರ್ ಕುಸಿದು ಕಾರು ಒಂದು ಬದಿಗೆ ಎಳೆಯುತ್ತದೆ. ರನ್‌ಫ್ಲಾಟ್ ಕುಸಿಯುವುದಿಲ್ಲ, ಸ್ಟೇರಿಂಗ್ ಕೈಯಲ್ಲೇ ಇರುತ್ತದೆ.

ಹಾಗಾಗಿ ವಾರಕ್ಕೆರಡು ಸಲ ಬೆಂಗಳೂರಿಗೆ ರಾತ್ರಿ ಓಡಾಡುವವರು, ಒಬ್ಬರೇ ಕಾರು ಓಡಿಸುವ ಹೆಣ್ಣುಮಕ್ಕಳು, ಚಕ್ರ ಬದಲಿಸಲು ಮೈಯಲ್ಲಿ ಶಕ್ತಿ ಇಲ್ಲದ ಹಿರಿಯರು, ಹೆದ್ದಾರಿಯಲ್ಲೇ ಬದುಕಿನ ಹೆಚ್ಚು ಹೊತ್ತು ಕಳೆಯುವವರು ರನ್‌ಫ್ಲಾಟ್ ಆರಿಸಿಕೊಂಡರೆ ಅವರ ಲೆಕ್ಕ ಸರಿಯೇ ಇದೆ. ಅವರು ಕೊಡುವ ಹೆಚ್ಚಿನ ಹಣಕ್ಕೆ ಬೆಲೆ ಇದೆ.

ಆದರೆ ಒಂದು ಷರತ್ತು. ಗಾಳಿ ಹೋದರೂ ರನ್‌ಫ್ಲಾಟ್ ನೋಡಲು ಸಾಮಾನ್ಯವಾಗಿಯೇ ಕಾಣುತ್ತದೆ, ಓಡಿಸುವವರಿಗೆ ಗೊತ್ತಾಗುವುದೂ ಕಡಿಮೆ. ಗೊತ್ತಿಲ್ಲದೆ 120ರ ವೇಗದಲ್ಲಿ ಹೋದರೆ ಅದೂ ಸಿಡಿಯುತ್ತದೆ. ಆದ್ದರಿಂದ ಟೈರ್ ಒತ್ತಡ ತೋರಿಸುವ ವ್ಯವಸ್ಥೆ ಇಲ್ಲದ ಕಾರಿಗೆ ರನ್‌ಫ್ಲಾಟ್ ಹಾಕಿಸಲೇಬಾರದು. ಆ ಟೈರಿಗೆಂದೇ ರೂಪಿಸದ ಕಾರಿಗೆ, ಚೆನ್ನಾಗಿದೆಯೆಂದು ಯಾರೋ ಹೇಳಿದರು ಅಂತ ಹಾಕಿಸುವುದೂ ತಪ್ಪು. ಸಸ್ಪೆನ್ಶನ್ ಅದಕ್ಕೆ ಹೊಂದಿಕೊಂಡಿರುವುದಿಲ್ಲ.

ಸ್ಟೆಪ್ನಿ ಎಲ್ಲಿ ಹೋಯಿತು?

ಸ್ಟೆಪ್ನಿ ಕಾಣೆಯಾಗಿದ್ದಕ್ಕೆ ಕಾನೂನಿನ ದಾರಿಯೂ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. 3.5 ಟನ್ ಮೀರದ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ಲೆಸ್ ಟೈರ್, ಪಂಚರ್ ರಿಪೇರಿ ಕಿಟ್ ಮತ್ತು ಟೈರ್ ಒತ್ತಡ ತಿಳಿಸುವ ವ್ಯವಸ್ಥೆ ಈ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಕಂಪನಿಗಳಿಗೆ ತೂಕ ಉಳಿಯಿತು, ಜಾಗ ಉಳಿಯಿತು, ಖರ್ಚು ಉಳಿಯಿತು. ಬ್ಯಾಟರಿ ಕಾರುಗಳಿಗೆ, ಸಿಎನ್‌ಜಿ ಸಿಲಿಂಡರ್ ಹೊತ್ತ ಕಾರುಗಳಿಗೆ ಆ ಜಾಗ ಬೇಕೂ ಆಗಿತ್ತು.

ಆ ಕಿಟ್‌ನ ಮಿತಿ ಕೊಳ್ಳುವವರಿಗೆ ತಿಳಿದಿರಬೇಕು. ಬಾಟಲಿಯ ದ್ರಾವಣ ಟೈರಿನ ತಳದ ಸಣ್ಣ ತೂತನ್ನಷ್ಟೇ ಮುಚ್ಚುತ್ತದೆ. ಕಲ್ಲಿನ ಅಂಚಿಗೆ ಪಕ್ಕದ ಗೋಡೆ ಸೀಳಿದರೆ ಆ ಬಾಟಲಿಯಿಂದ ಏನೂ ಆಗದು. ದ್ರಾವಣಕ್ಕೆ ಅವಧಿಯಿದೆ, ವರ್ಷಗಟ್ಟಲೆ ಡಿಕ್ಕಿಯಲ್ಲಿ ಬಿದ್ದರೆ ಕೆಡುತ್ತದೆ. ಗುಂಡಿ, ಕಲ್ಲು ಹೆಚ್ಚಿರುವ ನಮ್ಮ ಸೀಮೆಯಲ್ಲಿ ಸ್ಟೆಪ್ನಿಯ ಜಾಗವನ್ನು ಬಾಟಲಿ ತುಂಬಲಾರದು.

ಶೋರೂಮಿನಲ್ಲಿ ತೆರೆದ ಛಾವಣಿ, ದೊಡ್ಡ ಪರದೆ, ಬಣ್ಣ ಎಲ್ಲ ನೋಡಿದ ಮೇಲೆ ಡಿಕ್ಕಿಯ ತಳದ ಹಾಸನ್ನೂ ಎತ್ತಿಸಿ ನೋಡಿ. ಸ್ಟೆಪ್ನಿ ಇದೆಯೇ? ಇದ್ದರೆ ಪೂರ್ಣ ಅಳತೆಯದೋ, ಗಂಟೆಗೆ 80 ಕಿ.ಮೀ. ಮೀರಬಾರದೆಂದು ಬರೆದಿರುವ ತೆಳು ಚಕ್ರವೋ? ಇಲ್ಲದಿದ್ದರೆ ಹೆಚ್ಚಿನ ಹಣಕ್ಕೆ ಕೊಡುತ್ತಾರೆಯೇ? ಈ ಪ್ರಶ್ನೆಗಳನ್ನು ಕೊಳ್ಳುವ ಮೊದಲು ಕೇಳಿ.

ನಡುದಾರಿಗಳು

ರನ್‌ಫ್ಲಾಟ್ ಮತ್ತು ಸಾಮಾನ್ಯ ಟೈರಿನ ನಡುವೆ ಇನ್ನೊಂದು ಬಗೆಯಿದೆ: ತಾನಾಗಿ ತೂತು ಮುಚ್ಚಿಕೊಳ್ಳುವ ಟೈರ್. ತಳದ ಒಳಮೈಗೆ ಅಂಟಿನ ಪದರ ಬಳಿದಿರುತ್ತಾರೆ. ಮೊಳೆ ಹೊಕ್ಕ ಕೂಡಲೇ ಅದು ಸುತ್ತುವರಿದು ಗಾಳಿ ತಡೆಯುತ್ತದೆ. ಗೋಡೆ ಬಿರುಸಾಗುವುದಿಲ್ಲವಾದ್ದರಿಂದ ಸವಾರಿ ಮೆತ್ತಗೇ ಇರುತ್ತದೆ. ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು 1997ರಲ್ಲಿ ವಹಿಸಿಕೊಂಡ ಜೆಕೆ ಟೈರ್ ಕಂಪನಿಯೇ 2022ರಲ್ಲಿ ಇಂಥ ಟೈರನ್ನು ಕಾರುಗಳಿಗಾಗಿ ಪರಿಚಯಿಸಿತು. ತಳದಲ್ಲಿ 6 ಮಿ.ಮೀ. ವರೆಗಿನ ತೂತು ಮುಚ್ಚುತ್ತದೆ ಎಂಬುದು ಕಂಪನಿಯ ಮಾತು. ಲಾಳದ ಮೊಳೆ, ಜಾಲಿಮುಳ್ಳುಗಳ ಊರಿಗೆ ಇದು ಯೋಚಿಸತಕ್ಕ ಆಯ್ಕೆ. ಪಕ್ಕದ ಗೋಡೆಯ ಸೀಳಿಗೆ ಮಾತ್ರ ಇದೂ ಉತ್ತರವಲ್ಲ.

ಎರಡನೆಯದು ಒತ್ತಡ ತೋರಿಸುವ ವ್ಯವಸ್ಥೆ. ಅಮೆರಿಕದಲ್ಲಿ ಟೈರ್ ಸಿಡಿದು ಕಾರುಗಳು ಮಗುಚಿ ನೂರಾರು ಸಾವುಗಳಾದ ಮೇಲೆ 2000ನೇ ಇಸವಿಯಲ್ಲಿ ಕಾನೂನು ಮಾಡಿ, ಮುಂದೆ ಪ್ರತಿ ಹೊಸ ಕಾರಿಗೂ ಇದನ್ನು ಕಡ್ಡಾಯ ಮಾಡಿದರು. ಟೈರ್ ಸಿಡಿಯಲು ದೊಡ್ಡ ಕಾರಣ ಮೊಳೆಯಲ್ಲ, ಕಡಿಮೆ ಗಾಳಿ. ಗಾಳಿ ಕಡಿಮೆಯಾದ ಟೈರ್ ಹೆಚ್ಚು ಬಾಗಿ, ಹೆಚ್ಚು ಬಿಸಿಯಾಗಿ ಕೊನೆಗೆ ಹರಿಯುತ್ತದೆ. ನಿಮ್ಮ ಕಾರಿನಲ್ಲಿ ಈ ವ್ಯವಸ್ಥೆ ಇಲ್ಲದಿದ್ದರೆ ವಾಲ್ವಿನ ಮುಚ್ಚಳದಂತೆ ಕೂರಿಸುವ ಸೆನ್ಸರ್‌ಗಳು ಮಾರುಕಟ್ಟೆಯಲ್ಲಿವೆ. ಒಂದು ರನ್‌ಫ್ಲಾಟ್ ಟೈರಿಗೆ ಕೊಡುವ ಹಣದ ಸಣ್ಣ ಪಾಲಿನಲ್ಲಿ ನಾಲ್ಕೂ ಚಕ್ರಕ್ಕೆ ಬರುತ್ತವೆ.

ಬದಲಿಸುವವರಿಗೆ

ರನ್‌ಫ್ಲಾಟ್ ಕಾರಿಗೆ ಸಾಮಾನ್ಯ ಟೈರ್ ಹಾಕಿಸಲು ನಿರ್ಧರಿಸಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಎರಡು ರನ್‌ಫ್ಲಾಟ್, ಎರಡು ಸಾಮಾನ್ಯ ಎಂದು ಬೆರೆಸಿದರೆ ತಿರುವಿನಲ್ಲಿ ಕಾರಿನ ಹಿಂದು-ಮುಂದು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತದೆ. ಅಳತೆ, ಭಾರದ ಸಂಖ್ಯೆ, ವೇಗದ ಅಕ್ಷರ ಮೊದಲಿನಷ್ಟೇ ಇರಲಿ. ಉದಾಹರಣೆಗೆ ಟೈರಿನ ಮೇಲೆ 195/65 ಆರ್15 91ಎಚ್ ಎಂದಿದ್ದರೆ 91 ಎಂಬುದು ಒಂದು ಟೈರ್ 615 ಕಿಲೋ ಹೊರಬಲ್ಲದು ಎಂಬುದನ್ನೂ ಎಚ್ ಎಂಬುದು ಗಂಟೆಗೆ 210 ಕಿ.ಮೀ. ವೇಗದ ಮಿತಿಯನ್ನೂ ಹೇಳುತ್ತದೆ. ಇವೆರಡರಲ್ಲಿ ಕೆಳಗಿಳಿಯಬಾರದು. ಕಾರಿಗೆ ವಾರಂಟಿ ಇನ್ನೂ ಇದ್ದರೆ ಬದಲಾವಣೆಯ ಬಗ್ಗೆ ಸರ್ವಿಸ್ ಕೇಂದ್ರದವರ ಮಾತನ್ನು ಬರಹದಲ್ಲಿ ಪಡೆಯಿರಿ. ಸ್ಟೆಪ್ನಿ ಇಡಲು ಜಾಗವೇ ಇಲ್ಲದಿದ್ದರೆ ಗಾಳಿಯಂತ್ರ, ಪಂಚರ್ ಕಿಟ್ ಕಾರಿನಲ್ಲಿ ಯಾವಾಗಲೂ ಇರಲಿ.

ಹೊಸ ಟೈರ್ ಯಾವುದೇ ಇರಲಿ, ಅದರ ಹುಟ್ಟಿದ ದಿನ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಐಎಸ್‌ಐ ಗುರುತು ಇದೆಯೇ ಎಂದೂ ನೋಡಿ. ತಳದ ಗೆರೆಗಳ ಆಳ 1.6 ಮಿ.ಮೀ.ಗೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. ಗೆರೆಗಳ ನಡುವಿನ ಸಣ್ಣ ಉಬ್ಬುಗಳು ಮೇಲ್ಮೈಗೆ ಸಮವಾದಾಗ ಅದು ಗೊತ್ತಾಗುತ್ತದೆ. ಮಳೆಯಲ್ಲಿ ನೀರನ್ನು ಹೊರಹಾಕುವುದು ಆ ಗೆರೆಗಳೇ. ಅವು ಸವೆದ ಮೇಲೆ ರನ್‌ಫ್ಲಾಟೂ ಜಾರುತ್ತದೆ.

ಗಾಳಿಯನ್ನು ಬೆಳಗ್ಗೆ, ಟೈರ್ ತಣ್ಣಗಿರುವಾಗ ಅಳೆಯಬೇಕು. ಓಡಿ ಬಿಸಿಯಾದ ಮೇಲೆ ಒತ್ತಡ ತಾನಾಗಿ ಏರುತ್ತದೆ. ಐದಾರು ಡಿಗ್ರಿ ಬಿಸಿ ಹೆಚ್ಚಿದರೆ ಹೆಚ್ಚುಕಡಿಮೆ ಒಂದು ಪಿಎಸ್‌ಐ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಇಬ್ಬರಿದ್ದಾಗ ಎಷ್ಟು, ಪೂರ್ತಿ ಭಾರವಿದ್ದಾಗ ಎಷ್ಟು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಮನೆಮಂದಿಯೆಲ್ಲ ಹೊರಡುವ ದಿನ ಎರಡನೆಯ ಅಂಕಿಯನ್ನೇ ಹಿಡಿಯಿರಿ. ಸ್ಟೆಪ್ನಿಯ ಗಾಳಿಯನ್ನೂ ಅಳೆಸಿ. ಬೇಕಾದ ದಿನ ಸ್ಟೆಪ್ನಿಯಲ್ಲೇ ಗಾಳಿ ಇಲ್ಲದೆ ಪರದಾಡಿದವರು ಎಲ್ಲ ಊರಲ್ಲೂ ಇದ್ದಾರೆ. ಪಂಚರ್ ಹಾಕಿಸುವಾಗ ಹೊರಗಿನಿಂದ ಬತ್ತಿ ತುರುಕಿಸಿಕೊಂಡು ಊರು ಮುಟ್ಟಿದರೂ ಆಮೇಲೆ ಟೈರ್ ಕಳಚಿಸಿ, ಒಳಗೆ ನೋಡಿಸಿ, ಅಣಬೆಯಾಕಾರದ ಪ್ಯಾಚ್ ಒಳಗಿನಿಂದ ಹಾಕಿಸುವುದು ಬಾಳಿಕೆಯ ಕೆಲಸ. ಪಕ್ಕದ ಗೋಡೆಗೆ ಮಾತ್ರ ಯಾರೇ ಹೇಳಿದರೂ ಪಂಚರ್ ಹಾಕಿಸಬೇಡಿ.

ಓಡಿಸುವಾಗ ಟೈರ್ ಸಿಡಿದರೆ ಬ್ರೇಕನ್ನು ಒಮ್ಮೆಲೇ ತುಳಿಯಬೇಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಕಾರನ್ನು ತಾನಾಗಿ ನಿಧಾನವಾಗಲು ಬಿಟ್ಟು ಎಡಕ್ಕೆ ತನ್ನಿ. ಗಾಳಿ ನಿಧಾನವಾಗಿ ಸೋರುತ್ತಿದ್ದರೆ ವೇಗ ತಗ್ಗಿಸಿ, ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೋ ಬಂಕಿಗೋ ಮುಟ್ಟಿಯೇ ನಿಲ್ಲಿ. ಒಂದು ಟೈರ್ ಹಾಳಾದರೆ ಆಗಲಿ, ಅದನ್ನು ಮತ್ತೆ ಕೊಳ್ಳಬಹುದು. ನಿಲ್ಲಲೇಬೇಕಾಗಿ ಬಂದರೆ ಹಜಾರ್ಡ್ ದೀಪ ಹಾಕಿ, ಪ್ರತಿಫಲಿಸುವ ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಎಲ್ಲರನ್ನೂ ಕಾರಿನಿಂದ ಇಳಿಸಿ ತಡೆಗಂಬಿಯ ಆಚೆ ನಿಲ್ಲಿಸಿ, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಹಗಲಿರಲಿ ರಾತ್ರಿಯಿರಲಿ, ಕಾರಿನೊಳಗೆ ಮಕ್ಕಳನ್ನು ಕೂರಿಸಿಕೊಂಡು ಚಕ್ರ ಬಿಚ್ಚಬೇಡಿ.

ಹಾವೇರಿ ಸೀಮೆಯ ರಸ್ತೆಗೆ ಮೆತ್ತನೆ ಗೋಡೆಯ ಸಾಮಾನ್ಯ ಟೈರ್, ಡಿಕ್ಕಿಯಲ್ಲಿ ಪೂರ್ಣ ಅಳತೆಯ ಸ್ಟೆಪ್ನಿ, ಕಣ್ಣ ಮುಂದೆ ಒತ್ತಡದ ಅಂಕಿ ಇರಲಿ. ರಾತ್ರಿ ಹೆದ್ದಾರಿಯೇ ನಿಮ್ಮ ಬದುಕಾಗಿದ್ದರೆ ರನ್‌ಫ್ಲಾಟ್ ಹಾಕಿಸಿ, ಅದರ ಖರ್ಚಿಗೂ ಸಿದ್ಧರಿರಿ. ಎರಡರಲ್ಲಿ ಯಾವುದನ್ನು ಆರಿಸಿದರೂ ತಿಂಗಳಿಗೆರಡು ಸಲ ಗಾಳಿ ನೋಡಿಸದಿದ್ದರೆ ಯಾವ ಟೈರೂ ನಿಮ್ಮನ್ನು ಕಾಯುವುದಿಲ್ಲ. ಈ ಶನಿವಾರ ಹೊರಡುವ ಮುನ್ನ ಐದೂ ಚಕ್ರದ ಗಾಳಿ ಅಳೆಸಿಯೇ ಹೊರಡಿ.